ತಾಯಿಯನ್ನು ಉಳಿಸಿಕೊಳ್ಳಲು ಹುಟ್ಟಿದ ಇನ್ನೊಬ್ಬ

ಪ್ರಶ್ನೆ: ಮಗಳ ಒತ್ತಾಯಕ್ಕೆ ‘ಮೂನ್ ನೈಟ್’ ಸರಣಿ ನೋಡಲು ಕುಳಿತೆ. ಹೊಡೆದಾಟದ ಕಥೆ ಎಂದುಕೊಂಡಿದ್ದವಳಿಗೆ ಐದನೇ ಕಂತು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತ್ತು. ತಾಯಿಯ ಏಟು ತಿಂದ ಹುಡುಗ ತನ್ನೊಳಗೆ ಇನ್ನೊಬ್ಬನನ್ನು ಸೃಷ್ಟಿಸಿಕೊಳ್ಳುವುದು ನಿಜಕ್ಕೂ ಸಾಧ್ಯವೇ, ಅಥವಾ ಬರೆದವರ ಕಲ್ಪನೆಯೇ? ಇಂಥವರಿಂದ ಬೇರೆಯವರಿಗೆ ಅಪಾಯ ಇದೆಯೇ? 16 ವರ್ಷದ ಮಗಳು ‘ನನ್ನೊಳಗೂ ಇಬ್ಬರಿದ್ದಾರೆ ಅನ್ಸುತ್ತೆ ಅಮ್ಮಾ’ ಎನ್ನುತ್ತಿದ್ದಾಳೆ. ನಗಬೇಕೋ ಹೆದರಬೇಕೋ ತಿಳಿಯುತ್ತಿಲ್ಲ. 11 ವರ್ಷದ ಮಗನೂ ನೋಡುತ್ತೇನೆಂದು ಹಟ ಹಿಡಿದಿದ್ದಾನೆ. ತೋರಿಸಬಹುದೇ?

ಉತ್ತರ: ಈ ಸರಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಐದನೇ ಕಂತಿಗಿಂತ ಮೊದಲು ಒಂದನೇ ಕಂತು. ಅದರಲ್ಲಿ ಸ್ಟೀವನ್ ಮತ್ತೆ ಮತ್ತೆ ಅಮ್ಮನಿಗೆ ಫೋನ್ ಮಾಡುತ್ತಾನೆ, ನೆನಪಿದೆಯೇ? ಆ ಕಡೆ ಯಾರೂ ಎತ್ತುವುದಿಲ್ಲ. ಇವನು ಬೇಸರವಿಲ್ಲದೆ ವಾಯ್ಸ್‌ಮೇಲ್‌ಗೆ ದಿನದ ಸುದ್ದಿಯೆಲ್ಲ ಒಪ್ಪಿಸಿ, ಮುದ್ದಾಗಿ ಬೀಳ್ಕೊಂಡು, ಫೋನ್ ಇಡುತ್ತಾನೆ. ಮೊದಲ ಸಲ ನೋಡುವಾಗ ಅಮ್ಮನ ಸೆರಗು ಬಿಡದ ಒಂಟಿ ಹುಡುಗ ಎನ್ನಿಸುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಎರಡನೇ ಸಲ ನೋಡುವಾಗ ಆ ನಗು ಬರುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಆ ಕರೆಗಳಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೇ ಬರುತ್ತೇನೆ. (ಸರಣಿ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ. ಗುಟ್ಟು ಬಿಟ್ಟುಕೊಡದೆ ಈ ಉತ್ತರ ಬರೆಯಲು ನನ್ನಿಂದ ಆಗದು.)

ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2022ರ ಮಾರ್ಚ್ 30ರಿಂದ ಮೇ 4ರವರೆಗೆ ಡಿಸ್ನಿ ಪ್ಲಸ್‌ನಲ್ಲಿ ಆರು ಕಂತುಗಳಾಗಿ ಬಂದ ಮಾರ್ವೆಲ್ ಸರಣಿ ಇದು. ಬರವಣಿಗೆಯ ಮುಂದಾಳು ಜೆರೆಮಿ ಸ್ಲೇಟರ್, ಮುಖ್ಯ ನಿರ್ದೇಶಕ ಈಜಿಪ್ಟಿನ ಮೊಹಮ್ಮದ್ ದಿಯಾಬ್. ಲಂಡನ್ನಿನ ಮ್ಯೂಸಿಯಮ್ಮಿನ ಗಿಫ್ಟ್ ಶಾಪಿನಲ್ಲಿ ಕೆಲಸ ಮಾಡುವ ಸಾಧು ಸ್ವಭಾವದ ಸ್ಟೀವನ್ ಗ್ರಾಂಟ್, ಕೂಲಿ ಸೈನಿಕನಾಗಿದ್ದ ಅಮೆರಿಕದ ಮಾರ್ಕ್ ಸ್ಪೆಕ್ಟರ್ ಇಬ್ಬರೂ ಒಂದೇ ದೇಹದಲ್ಲಿರುವವರು. ಎರಡನ್ನೂ ಆಡಿದವರು ಆಸ್ಕರ್ ಐಸಾಕ್. ಜೊತೆಗೆ ಖೋನ್ಶು ಎಂಬ ಪುರಾತನ ಈಜಿಪ್ಟಿನ ಚಂದ್ರದೇವ. ಮಾರ್ಕ್ ಅವನ ಆಳು. ಮೂಲ ಕಾಮಿಕ್ಸಿನಲ್ಲಿ ಈ ಪಾತ್ರ ಕಾಣಿಸಿಕೊಂಡದ್ದು 1975ರಲ್ಲಿ. ಆಗ ಸ್ಟೀವನ್ ಗ್ರಾಂಟ್, ಜೇಕ್ ಲಾಕ್ಲಿ ಎಂಬುವು ಮಾರ್ಕ್ ಬೇಕೆಂದೇ ತೊಟ್ಟ ವೇಷಗಳು ಮಾತ್ರ. ಅವನ್ನು ಒಂದು ಮನೋರೋಗವಾಗಿ ತಿರುಗಿಸಿದ್ದು ನಂತರದ ಲೇಖಕರು. ಬಾಲ್ಯದ ಆಘಾತವನ್ನು ಕಥೆಯ ಬುಡಕ್ಕೆ ತಂದಿಟ್ಟದ್ದು ಈ ಸರಣಿ.

ಈಗ ಫೋನ್ ಕರೆಗಳಿಗೆ ಮರಳೋಣ. ಐದನೇ ಕಂತಿನಲ್ಲಿ ತಿಳಿಯುವುದೇನು? ಮಾರ್ಕ್‌ನ ತಮ್ಮ ರ್‍ಯಾಂಡಲ್ ಮಳೆನೀರು ನುಗ್ಗಿದ ಗುಹೆಯಲ್ಲಿ ಸಿಕ್ಕಿ ಸಾಯುತ್ತಾನೆ. ಅವನನ್ನು ಅಲ್ಲಿಗೆ ಆಟಕ್ಕೆ ಕರೆದೊಯ್ದವನು ಮಾರ್ಕ್. ತಾಯಿ ವೆಂಡಿ ಆ ಸಾವನ್ನು ಉಳಿದ ಮಗನ ತಲೆಗೆ ಕಟ್ಟುತ್ತಾಳೆ, ಕುಡಿಯತೊಡಗುತ್ತಾಳೆ, ಹೊಡೆಯತೊಡಗುತ್ತಾಳೆ. ಕೋಣೆಯ ಬಾಗಿಲು ಹಾಕಿಕೊಂಡು ನಡುಗುತ್ತಿರುವ ಹುಡುಗ, ಹೊರಗಿನಿಂದ ಬಾಗಿಲು ಬಡಿಯುತ್ತಿರುವ ಅಮ್ಮ. ಹುಡುಗನ ಕಣ್ಣುಗಳು ಒಮ್ಮೆ ಮೇಲಕ್ಕೆ ಹೊರಳುತ್ತವೆ. ಮರುಕ್ಷಣ ಅಲ್ಲಿ ಬೇರೊಬ್ಬ ಹುಡುಗ. ಮಾತಿನ ಧಾಟಿ ಬೇರೆ, ಮುಖದ ಮೇಲೆ ಭಯದ ಗೆರೆ ಇಲ್ಲ. ಕೋಣೆ ಹರಡಿಕೊಂಡಿದೆಯಲ್ಲ ಎಂದು ಓರಣ ಮಾಡಲು ತೊಡಗುತ್ತಾನೆ. ಬಾಗಿಲು ತೆರೆದಾಗ ಮುಂದೇನಾಯಿತೆಂದು ನೋಡಲು ದೊಡ್ಡ ಸ್ಟೀವನ್ ನಿಂತರೆ ದೊಡ್ಡ ಮಾರ್ಕ್ ಅವನನ್ನು ಹೊರಗೆ ಎಳೆದುಕೊಂಡು ಬರುತ್ತಾನೆ. ನೀನು ಇರುವುದೇ ಇದನ್ನು ನೋಡದಿರಲಿಕ್ಕೆ ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ.

ಈ ವಿಷಯದ ಬಗ್ಗೆ ಪರದೆಯ ಮೇಲೆ ಇಷ್ಟು ಸರಿಯಾದ ಮಾತನ್ನು ನಾನು ಕೇಳಿಲ್ಲ. ಸಾಮಾನ್ಯವಾಗಿ ಸಿನಿಮಾಗಳಲ್ಲಿ ಒಳಗಿನ ‘ಇನ್ನೊಬ್ಬ’ ಹುಟ್ಟುವುದು ಸೇಡು ತೀರಿಸಿಕೊಳ್ಳಲು. ಮೆತ್ತನೆಯವನೊಳಗೆ ಒಬ್ಬ ರಾಕ್ಷಸ ಕೂತಿರುತ್ತಾನೆ, ರಾತ್ರಿಯಾದರೆ ಹೊರಗೆ ಬರುತ್ತಾನೆ. ಇಲ್ಲಿ ತಿರುವುಮುರುವು. ಆಘಾತದಿಂದ ಹುಟ್ಟಿದವನು ಮೆತ್ತನೆಯ ಸ್ಟೀವನ್. ಅವನ ಕೆಲಸ ಕಾದಾಡುವುದಲ್ಲ, ಪ್ರೀತಿಸುವ ಅಮ್ಮನೊಬ್ಬಳು ತನಗಿದ್ದಾಳೆ ಎಂದು ನಂಬಿಕೊಂಡು ಬದುಕುವುದು. ಏಟು ತಿಂದವನು ಒಬ್ಬ, ಅಮ್ಮನನ್ನು ಉಳಿಸಿಕೊಂಡವನು ಮತ್ತೊಬ್ಬ. ಅಮ್ಮ ಸತ್ತಾಗ ಮಾರ್ಕ್ ಮನೆಯ ಎದುರು ರಸ್ತೆಯಲ್ಲಿ ನಿಂತು, ಒಳಗೆ ನಡೆಯುತ್ತಿರುವ ಶೋಕಾಚರಣೆಗೆ ಹೋಗಲಾರದೆ ಕುಸಿಯುತ್ತಾನೆ. ಎದ್ದವನು ಸ್ಟೀವನ್. ಇದ್ಯಾವ ಊರು, ನಾನಿಲ್ಲಿಗೆ ಹೇಗೆ ಬಂದೆ ಎಂದು ಗಲಿಬಿಲಿಗೊಂಡು ಅವನು ಫೋನ್ ಹಚ್ಚುವುದು ಅಮ್ಮನಿಗೇ. ಒಂದನೇ ಕಂತಿನಲ್ಲಿ ನಾವು ನಕ್ಕ ಕರೆಗಳೆಲ್ಲ ಸತ್ತವಳಿಗೆ ಮಾಡಿದವು.

ಸರಿ, ಇದು ಸಾಧ್ಯವೇ? ‘ಸೃಷ್ಟಿಸಿಕೊಳ್ಳುವುದು’ ಎಂಬ ನಿಮ್ಮ ಪದವನ್ನು ಸ್ವಲ್ಪ ಬದಲಿಸಿದರೆ, ಹೌದು. ಯಾವ ಮಗುವೂ ಕೂತು ಯೋಚಿಸಿ ಇನ್ನೊಬ್ಬನನ್ನು ಕಟ್ಟುವುದಿಲ್ಲ. ಹುಟ್ಟುವಾಗ ನಮ್ಮಲ್ಲಿ ಯಾರಿಗೂ ‘ನಾನು’ ಎಂಬುದು ಒಂದೇ ತುಂಡಾಗಿ ಬಂದಿರುವುದಿಲ್ಲ. ಹಸಿದ ಕೂಸು, ನಗುವ ಕೂಸು, ಬೆಚ್ಚಿದ ಕೂಸು, ನಿದ್ದೆಗಣ್ಣಿನ ಕೂಸು ಇವೆಲ್ಲ ಬೇರೆ ಬೇರೆ ಸ್ಥಿತಿಗಳು. ಒಂದರಿಂದ ಇನ್ನೊಂದಕ್ಕೆ ಜಾರುವಾಗ ಮಗು ಪೂರ್ತಿ ಬದಲಾದಂತೆಯೇ ಕಾಣುತ್ತದೆ. ಬಿದ್ದು ಅತ್ತ ಮಗುವನ್ನು ಎತ್ತಿಕೊಂಡು, ಸಮಾಧಾನ ಮಾಡಿ, ಮತ್ತೆ ಆಟಕ್ಕೆ ಬಿಡುವ ದೊಡ್ಡವರು ಈ ತುಂಡುಗಳನ್ನು ದಿನವೂ ಹೊಲಿಯುತ್ತಿರುತ್ತಾರೆ. ‘ಆಗ ಅತ್ತವನೂ ನೀನೇ, ಈಗ ನಗುತ್ತಿರುವವನೂ ನೀನೇ’ ಎಂಬುದು ಮಗುವಿಗೆ ಗೊತ್ತಾಗುವುದು ಅವರ ಮಡಿಲಲ್ಲಿ. ಹಾಗೆ ಹೊಲಿಯಬೇಕಾದ ಕೈಯೇ ಹರಿಯುವ ಕೈಯಾದರೆ?

ಹೆದರಿದ ಮಗು ಓಡಿ ಹೋಗುವುದು ಅಮ್ಮನ ಬಳಿಗೆ. ಹೆದರಿಸುತ್ತಿರುವವಳೇ ಅಮ್ಮನಾದರೆ ಅದಕ್ಕೆ ಓಡಲೂ ಜಾಗವಿಲ್ಲ, ಅಪ್ಪಿಕೊಳ್ಳಲೂ ಜಾಗವಿಲ್ಲ. ಮಗು-ಪಾಲಕರ ಬಾಂಧವ್ಯವನ್ನು ಅಧ್ಯಯನ ಮಾಡಿದ ಮೇರಿ ಮೇನ್ ಮತ್ತು ಸಂಗಡಿಗರು ಇಂಥ ಮಕ್ಕಳು ಅಮ್ಮನ ಕಡೆ ನಾಲ್ಕು ಹೆಜ್ಜೆ ಇಟ್ಟು ಅಲ್ಲೇ ಮರಗಟ್ಟಿ ನಿಲ್ಲುವುದನ್ನು, ಮುಖ ತಿರುಗಿಸಿಕೊಂಡು ಹತ್ತಿರ ಬರುವುದನ್ನು ದಾಖಲಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾರನ್ನು ನಂಬಿ ಬದುಕಬೇಕೋ ಅವರೇ ದ್ರೋಹ ಬಗೆದಾಗ ಅದನ್ನು ‘ಅರಿಯದಿರುವುದು’ ಮಗುವಿಗೆ ಉಳಿವಿನ ದಾರಿ ಎಂದರು. ದೊಡ್ಡವರಾದರೆ ಮೋಸ ಮಾಡಿದವರನ್ನು ಬಿಟ್ಟು ನಡೆಯಬಹುದು. ಆರು ವರ್ಷದ ಮಗು ಎಲ್ಲಿಗೆ ನಡೆದೀತು? ನಾಳೆ ಬೆಳಗ್ಗೆ ಊಟ ಹಾಕುವ ಕೈಯೂ ಅದೇ. ಹಾಗಾಗಿ ರಾತ್ರಿ ನಡೆದದ್ದು ಒಂದು ಕೋಣೆಯಲ್ಲಿ, ಬೆಳಗಿನ ತಿಂಡಿ ಇನ್ನೊಂದು ಕೋಣೆಯಲ್ಲಿ, ನಡುವೆ ಗೋಡೆ. ಇದು ವರ್ಷಗಟ್ಟಲೆ ನಡೆದು, ಮಗುವಿನ ಸ್ವಭಾವದಲ್ಲೂ ಹಾಗೆ ಕಳಚಿಕೊಳ್ಳುವ ಶಕ್ತಿ ಇದ್ದರೆ, ಒಂದೊಂದು ಕೋಣೆಯೂ ತನ್ನದೇ ಹೆಸರು, ದನಿ, ನೆನಪು ಬೆಳೆಸಿಕೊಳ್ಳುತ್ತದೆ.

ಸ್ಟೀವನ್‌ನ ಹೆಸರು ಎಲ್ಲಿಂದ ಬಂತೆಂಬುದನ್ನೂ ಸರಣಿ ಚೆನ್ನಾಗಿ ಹಿಡಿದಿದೆ. ಹುಡುಗರಿಬ್ಬರೂ ಮೆಚ್ಚಿದ್ದ ಒಂದು ಅಗ್ಗದ ಸಾಹಸ ಚಿತ್ರದ ನಾಯಕ ಡಾ. ಸ್ಟೀವನ್ ಗ್ರಾಂಟ್. ಗುಹೆಯಲ್ಲಿ ಮಾರ್ಕ್ ಆಡುತ್ತಿದ್ದದ್ದು ಅದೇ ಪಾತ್ರ. ಭಯವೇ ಇಲ್ಲದವನು ಬೇಕಾದಾಗ ಮಗು ಕೈಗೆ ಸಿಕ್ಕಿದ ಸಾಮಾನಿನಿಂದ ಕಟ್ಟುತ್ತದೆ. ಕಥೆಯ ನಾಯಕ, ಟಿವಿಯ ಪಾತ್ರ, ಅಕ್ಕರೆಯ ಟೀಚರ್, ಒಮ್ಮೊಮ್ಮೆ ಹೊಡೆದವರದೇ ದನಿ. ಈ ಕೊನೆಯದನ್ನು ಕೇಳುವಾಗ ಚಿಕಿತ್ಸಕರಿಗೂ ಮೈ ಜುಮ್ಮೆನ್ನುತ್ತದೆ.

ವೈದ್ಯಕೀಯದಲ್ಲಿ ಇದಕ್ಕೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ‘ಬಹುವ್ಯಕ್ತಿತ್ವ’ ಎಂದು ಕರೆದಿತ್ತು. 1994ರಲ್ಲಿ ಹೆಸರು ಬದಲಾಯಿತು. ಬರೀ ಹೆಸರಿನ ರಗಳೆ ಎಂದುಕೊಳ್ಳಬೇಡಿ. ಮನೋವೈದ್ಯ ಡೇವಿಡ್ ಸ್ಪೀಗಲ್ ಇದನ್ನು ಒಂದೇ ಏಟಿಗೆ ಬಿಡಿಸಿ ಹೇಳಿದ್ದರು: ಇವರ ಕಷ್ಟ ಒಂದಕ್ಕಿಂತ ಹೆಚ್ಚು ವ್ಯಕ್ತಿತ್ವ ಇರುವುದಲ್ಲ, ಒಂದಕ್ಕಿಂತ ಕಡಿಮೆ ಇರುವುದು ಎಂದು. ಸ್ಟೀವನ್‌ಗೆ ಕೋಪವೇ ಇಲ್ಲ, ಮಾರ್ಕ್‌ಗೆ ಮೃದುತ್ವದ ಮೇಲೆ ಹಕ್ಕೇ ಇಲ್ಲ. ಇಬ್ಬರನ್ನೂ ಕೂಡಿದರೆ ಒಬ್ಬ ಮನುಷ್ಯ. ಅಂದಹಾಗೆ ಇದನ್ನು ಸ್ಕಿಜೋಫ್ರೇನಿಯಾದ ಜೊತೆ ಗೊಂದಲ ಮಾಡಿಕೊಳ್ಳುವವರು ಇಂದಿಗೂ ಬಹಳ. ಅದೇ ಬೇರೆ ಕಾಯಿಲೆ, ಇದೇ ಬೇರೆ.

ಅಮೆರಿಕದ ಅದೇ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ ಅಮೆರಿಕ, ಕೆನಡಾ, ಯುರೋಪುಗಳಲ್ಲಿ ಡಿಐಡಿ ಇರುವವರಲ್ಲಿ ಸುಮಾರು 90 ಪ್ರತಿಶತ ಮಂದಿ ಬಾಲ್ಯದ ಹಿಂಸೆ ಅಥವಾ ನಿರ್ಲಕ್ಷ್ಯವನ್ನು ಹೇಳಿಕೊಂಡಿದ್ದಾರೆ. ಇದನ್ನು ತಿರುಗಿಸಿ ಓದಬೇಡಿ. ಏಟು ತಿಂದ ಮಕ್ಕಳೆಲ್ಲ ಹೀಗಾಗುವುದಿಲ್ಲ, ಬಹುಪಾಲು ಮಕ್ಕಳು ಹೀಗಾಗುವುದಿಲ್ಲ. ಖಿನ್ನತೆ, ಆತಂಕ, ಕೋಪ, ಯಾರನ್ನೂ ನಂಬಲಾರದ ಸ್ವಭಾವ ಇವೇ ಹೆಚ್ಚಾಗಿ ಕಾಣುವ ಗಾಯದ ಗುರುತುಗಳು.

ಇಲ್ಲಿ ಸರಣಿಯೊಂದಿಗೆ ನನ್ನ ಮೊದಲ ತಕರಾರು. ಗುಹೆಗೆ ಹೋಗುವಾಗ ಮಾರ್ಕ್ ಎಂಟೋ ಹತ್ತೋ ವರ್ಷದವನಂತೆ ಕಾಣುತ್ತಾನೆ. ಅಲ್ಲಿಯವರೆಗೆ ಅದು ನಗುನಗುತ್ತಿದ್ದ ಮನೆ, ಅಮ್ಮ ಅಕ್ಕರೆಯವಳು. ಒಂದು ಮಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ನಾಟಕಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಇಷ್ಟು ಆಳವಾದ ಒಡಕು ಬೀಳುವುದು ಬಹುತೇಕ ಅದಕ್ಕೂ ಮೊದಲು, ‘ನಾನು’ ಎಂಬುದು ಇನ್ನೂ ಹಸಿಯಾಗಿರುವ ಎಳೆಯ ವರ್ಷಗಳಲ್ಲಿ. ಅದಕ್ಕೆ ಒಂದು ದೊಡ್ಡ ದುರಂತ ಬೇಕೆಂದಿಲ್ಲ. ಹೇಳಿಕೊಳ್ಳಲು ಕಥೆಯೇ ಇಲ್ಲದ, ದಿನದಿನದ, ಬೇಸರ ಹಿಡಿಸುವಷ್ಟು ಪುನರಾವರ್ತನೆಯಾಗುವ ಹಿಂಸೆ ಮತ್ತು ಶೂನ್ಯ ಸಾಕು. ಅದನ್ನು ಕಂತಿನಲ್ಲಿ ತೋರಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಅದರ ಬೆಲೆ ಏನೆಂದರೆ, ನಿಜವಾಗಿ ಇದನ್ನು ಅನುಭವಿಸಿದವರು ‘ನನ್ನ ಬಾಲ್ಯದಲ್ಲಿ ಅಂಥ ಗುಹೆ ಯಾವುದೂ ಇರಲಿಲ್ಲ, ಹಾಗಾದರೆ ನನ್ನದು ಸುಳ್ಳೇ?’ ಎಂದು ತಮ್ಮನ್ನೇ ಶಂಕಿಸಿಕೊಳ್ಳುತ್ತಾರೆ. ಈ ಶಂಕೆಯನ್ನು ಕೇಳಿಸಿಕೊಳ್ಳದ ಚಿಕಿತ್ಸಕರು ಕಡಿಮೆ.

ಹೊಗಳಬೇಕಾದದ್ದನ್ನು ಹೊಗಳಲೇಬೇಕು. ಒಂದನೇ ಕಂತಿನ ದಿನಚರಿಯನ್ನು ಮತ್ತೊಮ್ಮೆ ನೋಡಿ. ಮಲಗುವಾಗ ಕಾಲನ್ನು ಮಂಚಕ್ಕೆ ಕಟ್ಟಿಕೊಳ್ಳುತ್ತಾನೆ, ಸುತ್ತಲೂ ಮರಳು ಚೆಲ್ಲುತ್ತಾನೆ, ಬಾಗಿಲಿಗೆ ಟೇಪ್ ಅಂಟಿಸುತ್ತಾನೆ. ತನಗೆ ನಿದ್ದೆಯಲ್ಲಿ ನಡೆಯುವ ಕಾಯಿಲೆ ಎಂದೇ ಅವನ ನಂಬಿಕೆ. ಒಂಟಿ ರೆಕ್ಕೆಯ ಮೀನು ಒಂದು ದಿನ ಎರಡು ರೆಕ್ಕೆಯದಾಗಿರುತ್ತದೆ. ಹುಡುಗಿಯೊಬ್ಬಳ ಜೊತೆ ಊಟಕ್ಕೆಂದು ಹೋಗಿ ಕೂತರೆ ಆ ದಿನ ಎಂದೋ ಕಳೆದುಹೋಗಿದೆ, ಇಂದು ಭಾನುವಾರ. ಗೋಡೆಯೊಳಗೆ ಬಚ್ಚಿಟ್ಟ ಫೋನ್, ಅದರ ತುಂಬ ಯಾರೋ ಲೈಲಾಳ ಕರೆಗಳು. ನೆನಪಿನ ಕಂದಕ ಎಂದರೆ ಇದೇ. ಅದು ಇರುವವರಿಗೆ ‘ನಾನು ಮರೆತೆ’ ಎಂಬುದು ಗೊತ್ತಾಗುವುದಿಲ್ಲ, ಜಗತ್ತೇ ತಮ್ಮ ಜೊತೆ ಆಟವಾಡುತ್ತಿದೆ ಎನ್ನಿಸುತ್ತದೆ. ಕೊಂಡ ನೆನಪಿಲ್ಲದ ಬಟ್ಟೆ, ಆಡಿದ ನೆನಪಿಲ್ಲದ ಮಾತು, ಗುರುತಿಲ್ಲದವರ ಪರಿಚಯದ ನಗು. ಇದೆಲ್ಲಕ್ಕೂ ಅವರು ಒಂದೊಂದು ಸಣ್ಣ ಸಮಜಾಯಿಷಿ ಕಟ್ಟಿಕೊಳ್ಳುತ್ತಾರೆ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಮುಚ್ಚಿಡುತ್ತಾರೆ. ಐಸಾಕ್ ಸ್ಟೀವನ್‌ಗೆ ಕೊಟ್ಟ ಆ ಕುಗ್ಗಿದ ಭುಜ, ಸದಾ ಕ್ಷಮೆ ಕೇಳುವ ನಾಲಿಗೆ ನಾನು ಕಂಡ ಎಷ್ಟೋ ಜನರದ್ದು. ಡಿಐಡಿಯೊಂದಿಗೆ ಬದುಕಿದ ಚೀನಾ ತಜ್ಞ ರಾಬರ್ಟ್ ಆಕ್ಸ್‌ನಮ್ ಬರೆದ ಆತ್ಮಕಥೆಯನ್ನು ಓದಿಕೊಂಡು ಅವರು ಪಾತ್ರಕ್ಕೆ ಸಿದ್ಧರಾದರಂತೆ. ಆ ಓದು ಎದ್ದು ಕಾಣುತ್ತದೆ.

ಇನ್ನೊಂದು ಜಾಣತನ, ನಾವು ಸ್ಟೀವನ್‌ನೇ ಅಸಲಿ ಎಂದು ನಂಬಿಕೊಂಡು ಕಥೆಯೊಳಗೆ ಬರುತ್ತೇವೆ. ಮಾರ್ಕ್ ಒಳನುಗ್ಗಿದವನಂತೆ ತೋರುತ್ತಾನೆ. ಕೊನೆಗೆ ನಮ್ಮವನೇ ‘ಹುಟ್ಟಿಕೊಂಡವನು’ ಎಂದು ತಿಳಿದಾಗ ಸ್ಟೀವನ್ ಅನುಭವಿಸುವ ನೋವು ನಮ್ಮದೂ ಆಗುತ್ತದೆ. ‘ಅಸಲಿ ಯಾರು?’ ಎಂಬ ಪ್ರಶ್ನೆಯೇ ಎಷ್ಟು ಕ್ರೂರ ಎಂಬುದು ಆಗ ಅರ್ಥವಾಗುತ್ತದೆ. ಚಿಕಿತ್ಸೆಯ ಕೋಣೆಯಲ್ಲಿ ನಾವು ಆ ಪ್ರಶ್ನೆ ಕೇಳುವುದೇ ಇಲ್ಲ.

ಕನ್ನಡಿಯೊಳಗಿಂದ ಇನ್ನೊಬ್ಬ ಮಾತಾಡುವುದು ಕ್ಯಾಮೆರಾದ ಅನುಕೂಲ. ನಿಜ ಜೀವನದಲ್ಲಿ ಅದು ಹೆಚ್ಚಾಗಿ ತಲೆಯೊಳಗಿನ ದನಿ, ಅಥವಾ ಎಲ್ಲಿಂದಲೋ ಬಂದು ಬಿದ್ದ, ತನ್ನದಲ್ಲದ ಒಂದು ಯೋಚನೆ. ಬದಲಾವಣೆಯೂ ಅಷ್ಟೇ, ಪರದೆಯ ಮೇಲಿನಂತೆ ಕತ್ತು ತಿರುಗಿಸಿ ಕಣ್ಣು ಮೇಲೆ ಮಾಡಿ ನಡೆಯುವುದು ಅಪರೂಪ. ಎದುರು ಕೂತವರಿಗೆ ‘ಏನೋ ಸ್ವಲ್ಪ ಮಂಕಾದರು’ ಎನ್ನಿಸಬಹುದು, ಅಷ್ಟೇ. ಅಡಗಿರುವುದೇ ಈ ಕಾಯಿಲೆಯ ಜಾಯಮಾನ. ಹಾಗಾಗಿಯೇ ಸರಿಯಾದ ಹೆಸರು ಸಿಗುವಷ್ಟರಲ್ಲಿ ಹಲವು ವರ್ಷ, ಹಲವು ತಪ್ಪು ರೋಗನಿರ್ಣಯ ಕಳೆದಿರುತ್ತವೆ.

ಅಪಾಯದ ಮಾತಿಗೆ ಬಂದರೆ ಸರಣಿ ಕೊನೆಯ ಎರಡು ನಿಮಿಷದಲ್ಲಿ ಕೈಕೊಟ್ಟಿತು. ಆರು ಕಂತು ಪೂರ್ತಿ ಎಚ್ಚರದಿಂದ ಕಟ್ಟಿದ್ದನ್ನು, ಕ್ರೆಡಿಟ್ಸ್ ನಡುವೆ ಬರುವ ದೃಶ್ಯದಲ್ಲಿ ಜೇಕ್ ಲಾಕ್ಲಿ ಎಂಬ ಮೂರನೆಯವನನ್ನು ತಂದು, ಅವನ ಕೈಗೆ ಬಂದೂಕು ಕೊಟ್ಟು, ನಗುತ್ತ ಗುಂಡು ಹಾರಿಸುವ ಕೊಲೆಗಾರನನ್ನಾಗಿ ಮಾಡಿ, ಹಳೆಯ ಸಿನಿಮಾದ ಹಳೆಯ ರಾಕ್ಷಸನನ್ನೇ ಹಿಂಬಾಗಿಲಿನಿಂದ ಕರೆತಂದರು. ಮುಂದಿನ ಭಾಗಕ್ಕೆ ಗಾಳ ಎಂಬುದು ಗೊತ್ತು. ಆದರೂ ಸಿಟ್ಟು ಬಂತು. ಡಿಐಡಿ ಇರುವವರು ಹೆಚ್ಚು ನೋಯಿಸುವುದು ತಮ್ಮನ್ನೇ. ನಾನು ಮೇಲೆ ಹೇಳಿದ ಕೈಪಿಡಿಯೇ ಹೊರರೋಗಿಗಳಲ್ಲಿ 70 ಪ್ರತಿಶತಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಗೆ ಪ್ರಯತ್ನಿಸಿದವರು ಎನ್ನುತ್ತದೆ. ಅವರ ಪಕ್ಕದ ಮನೆಯವರು ಹೆದರಬೇಕಾಗಿಲ್ಲ. ಅವರ ಬಗ್ಗೆ ಹೆದರಬೇಕಾದವರು ಅವರನ್ನು ಪ್ರೀತಿಸುವವರು. ಒಳಗೆ ‘ಕೆಟ್ಟವನು’ ಎನ್ನಿಸಿಕೊಂಡ ಭಾಗವನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಕಾವಲಿಗೆ ನಿಂತು ದಣಿದ, ಬೈಯುವುದೊಂದೇ ಕಲಿತ ಮಗು. ಜೇಕ್‌ನ ಹಿಂದೆಯೂ ಅಂಥದ್ದೇ ಒಂದು ಕಥೆ ಇದ್ದೀತು, ಅವರು ಹೇಳಲಿಲ್ಲ.

ಹುಚ್ಚಾಸ್ಪತ್ರೆಯ ದೃಶ್ಯಗಳ ಬಗ್ಗೆಯೂ ನನಗೆ ಕಸಿವಿಸಿ. ಖಳನಾಯಕ ಹ್ಯಾರೋ ಅಲ್ಲಿ ಮನೋವೈದ್ಯನ ಕೋಟಿನಲ್ಲಿ ಕೂತು ಮೆಲ್ಲಗೆ ಮಾತಾಡುತ್ತಾನೆ. ತಮಾಷೆಯೆಂದರೆ ಅವನ ಮಾತುಗಳಲ್ಲಿ ಅರ್ಧದಷ್ಟು ಸರಿಯಾದವೇ. ನಿನ್ನ ಮನಸ್ಸು ಸಹಿಸಲಾರದ್ದರಿಂದ ಆಶ್ರಯ ಕಟ್ಟಿಕೊಂಡಿದೆ ಎಂಬ ಧಾಟಿಯ ಮಾತನ್ನು ನಾನೂ ಆಡಿಯೇನು. ಅದನ್ನು ಸುಳ್ಳುಗಾರನ ಬಾಯಲ್ಲಿ ಇಟ್ಟರೆ, ಸಹಾಯ ಕೇಳಲು ಮೊದಲೇ ಹಿಂಜರಿಯುವವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಖೋನ್ಶುವಿನ ವಿಷಯ ಬೇರೆ, ಅದು ನನಗೆ ತುಂಬ ಹಿಡಿಸಿತು. ಹಕ್ಕಿಯ ತಲೆಬುರುಡೆಯ ಆ ದೇವರು ಮಾರ್ಕ್‌ನ ಒಡೆದ ಭಾಗವಲ್ಲ, ಹೊರಗಿನವನು. ಅಂದರೆ ಇಲ್ಲಿ ಮೈಮೇಲೆ ಬರುವುದೂ ಇದೆ, ಒಳಗೇ ಒಡೆಯುವುದೂ ಇದೆ, ಎರಡೂ ಒಂದೇ ದೇಹದಲ್ಲಿ. ಜಗತ್ತಿನ ಎಷ್ಟೋ ಸಮಾಜಗಳಲ್ಲಿ ಡಿಐಡಿ ಕಾಣಿಸಿಕೊಳ್ಳುವುದೇ ದೇವರು, ದೆವ್ವ, ಸತ್ತವರು ಮೈಮೇಲೆ ಬಂದ ರೂಪದಲ್ಲಿ. 2013ರ ಕೈಪಿಡಿ ಇದನ್ನು ಒಪ್ಪಿಕೊಂಡು ವ್ಯಾಖ್ಯೆಯಲ್ಲೇ ಸೇರಿಸಿತು. ಜೊತೆಗೇ, ಒಂದು ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ, ನೋವಿಲ್ಲದೆ ನಡೆಯುವುದನ್ನು ಕಾಯಿಲೆ ಎನ್ನಬಾರದೆಂದೂ ಹೇಳಿತು. ಆಘಾತಕ್ಕೆ ಒಳಗಾದವರನ್ನು ಬಳಸಿಕೊಳ್ಳುವವರು ಹೇಗಿರುತ್ತಾರೆ ಎಂಬುದಕ್ಕೂ ಖೋನ್ಶು ಒಳ್ಳೆಯ ಮಾದರಿ. ಸಾಯಲು ಹೊರಟವನನ್ನು ಎತ್ತಿ ನಿಲ್ಲಿಸಿ, ಜೀವ ಕೊಟ್ಟೆನಲ್ಲ, ಇನ್ನು ನಾನು ಹೇಳಿದಂತೆ ಕೇಳು ಎನ್ನುತ್ತಾನೆ. ಮನೆಯಲ್ಲಿ ಹಿಂಸೆ ಕಂಡವರು ಮುಂದೆ ಇಂಥ ಯಜಮಾನರ ಕೈಗೆ ಸುಲಭವಾಗಿ ಸಿಗುತ್ತಾರೆ.

ಗುಣವಾಗುವ ಬಗೆಯನ್ನು ಸರಣಿ ತಕ್ಕಡಿಯಲ್ಲಿ ತೋರಿಸುತ್ತದೆ. ಪುರಾತನ ಈಜಿಪ್ಟಿನ ನಂಬಿಕೆಯಂತೆ ಸತ್ತವರ ಹೃದಯವನ್ನು ಸತ್ಯದ ಗರಿಯ ಎದುರು ತೂಗುತ್ತಾರೆ. ಪರಲೋಕಕ್ಕೆ ಸಾಗುವ ದೋಣಿಯಲ್ಲಿ ನೀರಾನೆಯ ಮುಖದ ಟಾವೆರೆಟ್ ದೇವಿ ಇಬ್ಬರ ಹೃದಯವನ್ನೂ ತೂಗಿ, ನೀವು ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದನ್ನು ತೋರಿಸಿಕೊಳ್ಳದೆ ಮುಳ್ಳು ನಿಲ್ಲದು ಎನ್ನುತ್ತಾಳೆ. ರೂಪಕ ಸೊಗಸಾಗಿದೆ, ದಿಕ್ಕೂ ಸರಿ. ವೇಗ ಮಾತ್ರ ಅಪಾಯಕಾರಿ. ಒಂದೇ ದೋಣಿಯಾನದಲ್ಲಿ ಎಲ್ಲ ಬಾಗಿಲನ್ನೂ ತೆರೆಸಿ, ತೀರಾ ಕಠೋರವಾದದ್ದಕ್ಕೆ ನೇರ ಕೈ ಹಾಕಿಸುತ್ತಾರೆ. ನಿಜವಾದ ಚಿಕಿತ್ಸೆಯ ಕ್ರಮ ತದ್ವಿರುದ್ಧ. ಮೊದಲು ಇಂದಿನ ಬದುಕು ಸುರಕ್ಷಿತವಾಗಬೇಕು. ನಿದ್ದೆ, ಊಟ, ತನ್ನನ್ನು ನೋಯಿಸಿಕೊಳ್ಳದಿರುವುದು, ಒಳಗಿನವರ ನಡುವೆ ಕನಿಷ್ಠ ಒಂದು ಚೀಟಿ ಬರೆದಿಡುವಷ್ಟು ಸಂಪರ್ಕ. ಇಷ್ಟಕ್ಕೇ ವರ್ಷಗಳು ಹಿಡಿಯಬಹುದು. ಆಮೇಲೆ, ಸಹಿಸುವಷ್ಟು ಸಹಿಸುವಷ್ಟೇ, ಹಳೆಯ ನೆನಪುಗಳು. ಅದಾದ ಮೇಲೆ ಮುಂದಿನ ಬದುಕು. ಆತುರದಿಂದ ಕಂತು ಐದಕ್ಕೆ ಹಾರಿದ ಚಿಕಿತ್ಸೆ ಜನರನ್ನು ಆಸ್ಪತ್ರೆಗೆ ಸೇರಿಸಿದ್ದಿದೆ. ಇದಕ್ಕೇ ಎಂದು ಒಂದು ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ನಿದ್ರಾಹೀನತೆಗಳಿಗೆ ಔಷಧ ಕೊಡುತ್ತಾರೆ.

ಅಂತ್ಯದಲ್ಲಿ ಇಬ್ಬರನ್ನೂ ಕರಗಿಸಿ ಒಬ್ಬನನ್ನಾಗಿ ಮಾಡಲಿಲ್ಲವಲ್ಲ, ಅದಕ್ಕೆ ನನ್ನ ಮೆಚ್ಚುಗೆ. ಮಾರ್ಕ್ ಸತ್ತವರು ಸೇರುವ ನೆಮ್ಮದಿಯ ಲೋಕವನ್ನು ಬಿಟ್ಟು, ಮರಳಾಗಿ ನಿಂತ ಸ್ಟೀವನ್‌ನ ಬಳಿಗೆ ವಾಪಸ್ ಬಂದು, ನನಗಿದ್ದ ನಿಜವಾದ ಶಕ್ತಿ ನೀನೊಬ್ಬನೇ ಎನ್ನುತ್ತಾನೆ. ಒಂದಾಗುವುದು ಕೆಲವರ ಗುರಿ. ಗೋಡೆ ಉಳಿದರೂ ಅದರಲ್ಲೊಂದು ಬಾಗಿಲಿದ್ದರೆ ಸಾಕು ಎನ್ನುವವರೂ ಇದ್ದಾರೆ. ಆ ತೀರ್ಮಾನ ಅವರದು.

ಇನ್ನು ನಿಮ್ಮ ಮಗಳು. ಈ ಕಾಯಿಲೆಯ ಬಗ್ಗೆ ತಜ್ಞರಲ್ಲೇ ಜಗಳ ಇದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಮಹಿಳೆಯೊಬ್ಬರ ಕಥೆ ಪುಸ್ತಕವಾಗಿ, ಟಿವಿ ಚಿತ್ರವಾಗಿ ಮನೆಮಾತಾದ ಮೇಲೆ ಈ ರೋಗನಿರ್ಣಯಗಳ ಸಂಖ್ಯೆ ಏಕಾಏಕಿ ಏರಿತು. ಕೆಲವು ಚಿಕಿತ್ಸಕರು ಇಲ್ಲದ ನೆನಪುಗಳನ್ನು ಕೆದಕಿ ಹುಟ್ಟಿಸಿದರು ಎಂಬ ಮೊಕದ್ದಮೆಗಳೂ ನಡೆದವು. ನಿಕೋಲಸ್ ಸ್ಪಾನೋಸ್, ಸ್ಕಾಟ್ ಲಿಲಿಯನ್‌ಫೆಲ್ಡ್‌ರಂಥ ಸಂಶೋಧಕರು ಕಥೆ, ಟಿವಿ, ಚಿಕಿತ್ಸಕರ ಸೂಚನೆ ಇವೇ ಇದನ್ನು ರೂಪಿಸುತ್ತವೆ ಎಂದು ವಾದಿಸಿದರು. ಆಘಾತವೇ ಬೇರು ಎಂಬ ಕಡೆಗೇ ನಾನು ವಾಲುತ್ತೇನೆ. ಆದರೆ ನೋವಿಗೆ ಯಾವ ಬಟ್ಟೆ ತೊಡಿಸುವುದೆಂಬುದನ್ನು ನಾವು ಸುತ್ತಲಿನಿಂದ ಕಲಿಯುತ್ತೇವೆ ಎಂಬ ಅವರ ಮಾತನ್ನು ತಳ್ಳಿಹಾಕಲಾರೆ. 16ರ ವಯಸ್ಸಿನಲ್ಲಿ ಮನೆಯಲ್ಲೊಬ್ಬಳು, ಗೆಳತಿಯರ ನಡುವೆ ಇನ್ನೊಬ್ಬಳು ಎನ್ನಿಸುವುದು ತೀರಾ ಸಹಜ. ಇಂಥ ಸರಣಿ ನೋಡಿದ ಮೇಲೆ ಆ ಅನುಭವಕ್ಕೆ ಅವಳಿಗೆ ಸಿಕ್ಕ ಭಾಷೆ ಇದೇ ಇರಬಹುದು.

ಹಾಗಂತ ನಗಬೇಡಿ. ‘ಇಬ್ಬರು ಅಂದ್ರೆ ಹೇಗೆ ಅನ್ಸುತ್ತೆ, ಹೇಳು ಪುಟ್ಟಾ’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಒಮ್ಮೊಮ್ಮೆ ಧೈರ್ಯ, ಒಮ್ಮೊಮ್ಮೆ ಅಳು ಎಂದರೆ ಅದು ಹರೆಯ. ಗಂಟೆಗಟ್ಟಲೆ ಏನು ಮಾಡಿದೆನೆಂದೇ ಗೊತ್ತಿಲ್ಲ, ನನ್ನದಲ್ಲದ ಬರಹ ನನ್ನ ನೋಟ್‌ಬುಕ್ಕಿನಲ್ಲಿದೆ, ನನ್ನ ಮೈಯನ್ನು ದೂರದಿಂದ ನೋಡಿದಂತಾಗುತ್ತದೆ, ಕೈ ಕೊಯ್ದುಕೊಂಡೆ ಎಂದರೆ ತಡಮಾಡದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅವರು ಮೂರ್ಛೆರೋಗದ ಕೆಲವು ಬಗೆಗಳನ್ನೂ, ಮಾದಕ ವಸ್ತುವಿನ ಪರಿಣಾಮವನ್ನೂ ಮೊದಲು ಪರೀಕ್ಷಿಸಿ ಬದಿಗಿಡಬೇಕಾಗುತ್ತದೆ. ‘ಆ ಇನ್ನೊಬ್ಬಳನ್ನು ಕರಿ ನೋಡೋಣ’ ಎಂದು ಮಾತ್ರ ಮನೆಯಲ್ಲಿ ಯಾರೂ ಪರೀಕ್ಷೆ ಮಾಡಬೇಡಿ. ಹೆಸರಿಟ್ಟು ಕರೆದಷ್ಟೂ ಅದು ಗಟ್ಟಿಯಾಗುತ್ತದೆ. ಇನ್ನೊಂದು ಮಾತು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಆ ಕಂತಿನ ಯಾವ ಕ್ಷಣದಲ್ಲಿ ಅವಳು ಕಲ್ಲಾದಳು, ಯಾವಾಗ ಎದ್ದು ಹೋದಳು ಎಂದು ನೆನಪಿಸಿಕೊಳ್ಳಿ. ‘ಇಬ್ಬರಿದ್ದಾರೆ’ ಎಂಬುದು ಕೆಲವೊಮ್ಮೆ ‘ನನಗೊಂದು ಹೇಳಬೇಕಿದೆ’ ಎಂಬುದಕ್ಕೆ ಮಕ್ಕಳು ಕಂಡುಕೊಂಡ ಪೀಠಿಕೆ.

11ರ ಮಗನಿಗೆ ಒಬ್ಬನಿಗೇ ನೋಡಲು ಬಿಡಬೇಡಿ. ಪಕ್ಕದಲ್ಲಿ ಕೂತು ನೋಡುವುದಾದರೆ ಮೊದಲ ನಾಲ್ಕು ಕಂತು ಅಂಥ ತೊಂದರೆ ಕೊಡಲಾರವು, ರಕ್ತಪಾತಕ್ಕೆ ಹೆದರುವ ಹುಡುಗನಲ್ಲದಿದ್ದರೆ. ಐದನೆಯದಕ್ಕೆ ಮೊದಲು, ಇದರಲ್ಲಿ ಒಬ್ಬ ಅಮ್ಮ ಮಗನನ್ನು ಹೊಡೆಯುತ್ತಾಳೆ, ಒಂದು ಮಗು ಸಾಯುತ್ತದೆ, ಸಾಕೆನ್ನಿಸಿದರೆ ನಿಲ್ಲಿಸೋಣ ಎಂದು ಹೇಳಿಬಿಡಿ. ಅಮ್ಮ ಹೊಡೆಯುತ್ತಿದ್ದಾಗ ಆ ಮನೆಯಲ್ಲಿ ಅಪ್ಪ ಇಲಾಯಸ್ ಕೂಡ ಇದ್ದ. ಒಳ್ಳೆಯವನೇ, ಮಗನನ್ನು ಪ್ರೀತಿಸುವವನೇ. ‘ಅವನ ಅಪ್ಪ ಯಾಕೆ ಸುಮ್ಮನಿದ್ದ?’ ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ನೋಡಲು ಕೂರುವ ಮೊದಲು ಅದಕ್ಕೊಂದು ಉತ್ತರ ಯೋಚಿಸಿಟ್ಟುಕೊಳ್ಳಿ.